ಜುಟ್ಟು, ಕ್ರಾಪು, ಫೋಹಾಕ್

ಸಮ್ಮೇಳನದ ಊಟದ ಸಾಲಿನಲ್ಲಿ ನಿಂತವರಿಗೆ ಮೊದಲು ದೊರೆಯುವ ದರ್ಶನವೆಂದರೆ ಮುಂದೆ ನಿಂತವರ ತಲೆಯ ಹಿಂಭಾಗ. ಬಿಸಿಬೇಳೆಬಾತಿನ ಪಾತ್ರೆ ಕಣ್ಣಿಗೆ ಬೀಳುವ ತನಕ ಅರ್ಧ ಗಂಟೆಯಾದರೂ ಆ ತಲೆಗಳನ್ನೇ ಅವಲೋಕಿಸುತ್ತ ನಿಲ್ಲಬೇಕು. ಬಣ್ಣ ಹಚ್ಚಿದ ಕಪ್ಪು ತಲೆಗಳು, ಹಚ್ಚುವುದನ್ನು ಕೈಬಿಟ್ಟ ಬೆಳ್ಳಿ ತಲೆಗಳು, ಹಚ್ಚಲು ಏನೂ ಉಳಿಯದ ತಾಮ್ರದ ಚೊಂಬಿನಂಥ ತಲೆಗಳು, ತುರುಬುಗಳು, ಭುಜದವರೆಗೆ ಕತ್ತರಿಸಿದ ಕೇಶರಾಶಿಗಳು. ಇವುಗಳ ನಡುವೆ ಪಿಕಳಾರ ಹಕ್ಕಿಯ ಹಾಗೆ ನೆತ್ತಿಯ ಮೇಲೆ ಜುಟ್ಟೆತ್ತಿ ನಿಂತ ಒಂದೆರಡು ಎಳೆಯ ತಲೆಗಳೂ ಇದ್ದೇ ಇರುತ್ತವೆ. ಹಿಂದಿನಿಂದ ಯಾರಾದರೊಬ್ಬ ಹಿರಿಯರು, "ಇದೆಂಥಾ ಅವತಾರವಪ್ಪಾ!" ಎಂದು ಪಿಸುಗುಟ್ಟುವುದೂ ತಪ್ಪುವುದಿಲ್ಲ.

ಕಳೆದ ಸಮ್ಮೇಳನದ ಸಂಪುಟದಲ್ಲಿ ಇದೇ ಅಂಕಣದಲ್ಲಿ ಕುಕ್ಕರಿನ ಕೂಗನ್ನು ಕುರಿತು ಬರೆದಿದ್ದೆ. ಈ ಬಾರಿ ಅಡುಗೆಮನೆಯಿಂದ ಹೊರಬಂದು ಆ ಅವತಾರದ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿದೆ. ಅದಕ್ಕೆ ಫೋಹಾಕ್ ಎಂದು ಹೆಸರು. 'ಫೋ' ಎಂದರೆ ಫ್ರೆಂಚ್ ಭಾಷೆಯಲ್ಲಿ ಹುಸಿ, ನಕಲಿ ಎಂದರ್ಥ. ಆದ್ದರಿಂದ ಇದು ಹುಸಿ ಮೊಹಾಕ್. 2008ರಲ್ಲಿ ನನ್ನ ಮಗ ಹನ್ನೆರಡರ ವಯಸ್ಸಿನಲ್ಲಿ ಇದನ್ನು ಮಾಡಿಸಿಕೊಂಡು ಮನೆಗೆ ಬಂದಾಗ, ಮೈಸೂರಿನಿಂದ ಬಂದಿದ್ದ ನನ್ನ ತಾಯಿ ಅವನನ್ನು ಬಾಗಿಲಲ್ಲೇ ತಡೆದು, "ಏನೋ ಇದು, ತಲೆಗೇನೋ ಹಾಕ್ಕೊಂಡಿದ್ದೀಯ?" ಎಂದರು. "ಫೋಹಾಕ್, ಅಜ್ಜಿ" ಎಂದ. "ಅದನ್ನೇ ಕಣೋ ಕೇಳ್ತಿರೋದು, ಏನು ಹಾಕ್ಕೊಂಡಿದ್ದೀಯಾಂತ!" ಸಂವಾದ ಅದಕ್ಕಿಂತ ಮುಂದೆ ಸಾಗಲಿಲ್ಲ.

ಇದರ ನಿರ್ಮಾಣಕ್ರಮ ಬಹಳ ಸರಳ. ಎರಡು ಪಕ್ಕದ ಕೂದಲನ್ನು ಗಿಡ್ಡವಾಗಿ ಕತ್ತರಿಸುತ್ತಾರೆ, ಆದರೆ ಬೋಳಿಸುವುದಿಲ್ಲ. ಹಣೆಯಿಂದ ಹಿಂದಲೆಯವರೆಗೆ ನಡುವಿನಲ್ಲಿ ಎರಡು ಅಂಗುಲದಷ್ಟು ಉದ್ದ ಬಿಡುತ್ತಾರೆ. ಸ್ನಾನವಾದ ಮೇಲೆ ಅರೆಬರೆ ಒಣಗಿದ ತಲೆಗೆ, ಕಡಲೆಕಾಯಿ ಬೀಜದ ಗಾತ್ರದ ಜೆಲ್ಲನ್ನೋ ಮೇಣವನ್ನೋ ಅಂಗೈಯಲ್ಲಿ ಉಜ್ಜಿ, ಕೈಮುಗಿಯುವವರಂತೆ ಎರಡೂ ಕಡೆಯಿಂದ ಕೂದಲನ್ನು ನಡುವಿಗೆ ಒತ್ತಿ ಎಬ್ಬಿಸಿದರೆ ಮುಗಿಯಿತು. ನಮ್ಮ ಕಾಲದ ಹರಳೆಣ್ಣೆ ಕೂದಲನ್ನು ತಲೆಗೆ ಅಂಟಿಸಿ ಕೂರಿಸುತ್ತಿತ್ತು. ಈ ಕಾಲದ ಎಣ್ಣೆ ಅದನ್ನು ಎಬ್ಬಿಸಿ ನಿಲ್ಲಿಸುತ್ತದೆ. ಸಂಜೆ ಎರಡು ಚೊಂಬು ನೀರು ಸುರಿದುಕೊಂಡರೆ ಮೊದಲಿನ ಸಭ್ಯ ಬಾಲಕ ಪ್ರತ್ಯಕ್ಷನಾಗುತ್ತಾನೆ. (ದಿಂಬಿನ ಚೀಲಕ್ಕೆ ಅಂಟಿದ ಜೆಲ್ ಮಾತ್ರ ಅಷ್ಟು ಸುಲಭಕ್ಕೆ ಹೋಗುವುದಿಲ್ಲವೆಂಬುದನ್ನು ತಾಯಂದಿರು ಬಲ್ಲರು.) ಜೆಲ್ ಎಂಬುದು ಈ ಕಾಲದ ಚಪಲವೆಂದು ಭಾವಿಸುವವರಿಗೆ ಒಂದು ಸಂಗತಿ. 2003ರಲ್ಲಿ ಐರ್ಲೆಂಡಿನ ಕ್ಲೊನಿಕ್ಯಾವನ್ ಎಂಬಲ್ಲಿ ಜೌಗುನೆಲದೊಳಗಿಂದ ಸುಮಾರು ಎರಡು ಸಾವಿರದ ಇನ್ನೂರು ವರ್ಷಗಳಷ್ಟು ಹಳೆಯ ಗಂಡಸಿನ ದೇಹವೊಂದು ದೊರೆಯಿತು. ಆತ ಸಸ್ಯತೈಲಕ್ಕೆ ಪೈನ್ ಮರದ ಅಂಟನ್ನು ಬೆರೆಸಿ ಹಚ್ಚಿ ಕೂದಲನ್ನು ಮೇಲಕ್ಕೆತ್ತಿ ನಿಲ್ಲಿಸಿಕೊಂಡಿದ್ದ!

ಹುಸಿಯಲ್ಲದ ಅಸಲಿ ಮೊಹಾಕ್ ಬೇರೆಯೇ ಜಾತಿಯದು. 1970ರ ದಶಕದ ಕೊನೆಗೆ ಹಾಗೂ ಅದರ ನಂತರದ ವರ್ಷಗಳಲ್ಲಿ ಇಂಗ್ಲೆಂಡಿನ ಪಂಕ್ ತರುಣರು ಅದನ್ನು ಲೋಕಪ್ರಸಿದ್ಧಗೊಳಿಸಿದರು. ಕೆಲಸವಿಲ್ಲದ, ಮುಂದೆ ದೊರೆಯುವ ಭರವಸೆಯೂ ಇಲ್ಲದ ಹುಡುಗರು ಅವರಲ್ಲಿ ಅನೇಕರು. ಎರಡೂ ಪಕ್ಕವನ್ನು ನುಣ್ಣಗೆ ಬೋಳಿಸಿ, ನಡುವಿನ ಪಟ್ಟಿಯನ್ನು ಗೇಣುದ್ದ ಬೆಳೆಸಿ, ಮೊಟ್ಟೆಯ ಬಿಳಿಭಾಗ, ಸಕ್ಕರೆ ನೀರು, ಸೋಪು ಇತ್ಯಾದಿ ಕೈಗೆ ಸಿಕ್ಕಿದ್ದನ್ನೆಲ್ಲ ಬಳಿದು, ಹಸಿರು, ಕೆಂಪು ಬಣ್ಣ ಹಚ್ಚಿ ಬೀದಿಗಿಳಿಯುತ್ತಿದ್ದರು. ಅಂಥ ತಲೆ ಹೊತ್ತು ಬ್ಯಾಂಕಿನ ಗುಮಾಸ್ತಗಿರಿಗೆ ಸಂದರ್ಶನಕ್ಕೆ ಹೋಗಲು ಸಾಧ್ಯವಿಲ್ಲ. 'ನೀವು ಕರೆಯಲಾರಿರಿ, ನಾನೂ ಬರಲಾರೆ' ಎಂದು ತಲೆಯ ಮೇಲೆಯೇ ಬರೆದುಕೊಂಡಂತೆ. ಮನಸ್ಸು ಬದಲಾಯಿಸಿದರೂ ಪಕ್ಕದ ಕೂದಲು ಬೆಳೆಯಲು ತಿಂಗಳುಗಳು ಬೇಕು. ಸಂಜೆಯ ಸ್ನಾನದಲ್ಲಿ ಕೊಚ್ಚಿಹೋಗದಿರುವುದೇ ಅದರ ಧೈರ್ಯ. ಅದೇ ಅದರ ಬೆಲೆ.

ಆ ಧೈರ್ಯವನ್ನು ಅರ್ಧಕ್ಕೆ ಇಳಿಸಿ ಮಧ್ಯಮವರ್ಗದ ಮನೆಗಳಿಗೆ ತಲುಪಿಸಿದವರಲ್ಲಿ ಕಾಲ್ಚೆಂಡಿನ ಡೇವಿಡ್ ಬೆಕಮ್ ಮುಖ್ಯರು. 2002ರಲ್ಲಿ ಜಪಾನ್ ಮತ್ತು ದಕ್ಷಿಣ ಕೊರಿಯಾಗಳಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಅವರು ಇಂಗ್ಲೆಂಡ್ ತಂಡದ ನಾಯಕರಾಗಿ ಈ ಹುಸಿ ಜುಟ್ಟಿನೊಡನೆ ಕಾಣಿಸಿಕೊಂಡರು. ಜಪಾನಿನ ತರುಣರು ಕ್ಷೌರದಂಗಡಿಗೆ ಅವರ ಚಿತ್ರ ಹಿಡಿದು ಹೋಗತೊಡಗಿದರು. ಅಲ್ಲಿಂದ ಅದು ಹಬ್ಬಿದ ಪರಿಯನ್ನು ನಾನು ವಿವರಿಸಬೇಕಾಗಿಲ್ಲ. ನಿಮ್ಮ ಮನೆಯ ಹಳೆಯ ಶಾಲಾ ಭಾವಚಿತ್ರಗಳನ್ನು ತೆಗೆದು ನೋಡಿದರೆ ಸಾಕು.

ಈ ಹೆಸರಿನ ಬಗ್ಗೆ ನನಗೆ ಕುತೂಹಲ ಹುಟ್ಟಲು ಬೇರೆ ಕಾರಣವಿದೆ. ನಾನು ಸಂಸಾರ ಹೂಡಿರುವ ಸ್ಕೆನೆಕ್ಟಡಿ ಎಂಬ ಊರು ಮೊಹಾಕ್ ನದಿಯ ದಡದಲ್ಲಿದೆ. ಊರಿನ ಹೆಸರೂ ಮೊಹಾಕ್ ಜನರ ನುಡಿಯಿಂದಲೇ ಬಂದದ್ದು. ಪೈನ್ ಮರಗಳಾಚೆಯ ಸ್ಥಳ ಎಂದು ಅದರ ಅರ್ಥ. ತರಕಾರಿ ತರಲು ಹೊರಟರೂ ದಾರಿಯಲ್ಲಿ ಮೊಹಾಕ್ ಎಂಬ ಫಲಕ ಕಾಣುತ್ತದೆ. ಆ ಜನ ಮಾತ್ರ ಕಾಣುವುದಿಲ್ಲ. ಅವರಲ್ಲಿ ಬಹುಮಂದಿ ಈಗ ಉತ್ತರಕ್ಕೆ, ಸೇಂಟ್ ಲಾರೆನ್ಸ್ ನದಿಯ ಬಳಿಯ ತಮ್ಮ ನೆಲೆಗಳಲ್ಲಿದ್ದಾರೆ. ತಮ್ಮನ್ನು ತಾವು ಅವರು ಕರೆದುಕೊಳ್ಳುವುದು ಚಕಮಕಿ ಕಲ್ಲಿನ ನಾಡಿನ ಜನರೆಂದು. ಮೊಹಾಕ್ ಎಂಬುದು ನೆರೆಯ ಶತ್ರುಗಳು ಇಟ್ಟ ಹೆಸರು, ನರಭಕ್ಷಕರು ಎಂಬರ್ಥದ್ದು. ಇಂಗ್ಲೆಂಡಿನಲ್ಲಿ ಇದೇ ಕೇಶಶೈಲಿಯನ್ನು ಮೊಹಿಕನ್ ಎನ್ನುತ್ತಾರೆ. ಮೊಹಿಕನ್ನರು ಇನ್ನೊಂದೇ ಜನಾಂಗ. ಇಷ್ಟರ ಮೇಲೆ, ಪಂಕ್ ತರುಣರು ಎಬ್ಬಿಸಿದ ಆ ನಡುಪಟ್ಟಿ ಈ ಇಬ್ಬರದೂ ಅಲ್ಲ. ಅದು ದೂರದ ನೆಬ್ರಾಸ್ಕಾ ಬಯಲಿನ ಪಾವ್ನೀ ಜನರ ಶೈಲಿಗೆ ಹತ್ತಿರ. ಹಿಂದಿನ ಕಾಲದ ಮೊಹಾಕ್ ಯೋಧರು ತಲೆಯ ಬಹುಭಾಗದ ಕೂದಲನ್ನು ಕಿತ್ತು ತೆಗೆದು, ನೆತ್ತಿಯ ಹಿಂದೆ ಒಂದು ಸಣ್ಣ ಚೌಕದಷ್ಟು ಮಾತ್ರ ಉಳಿಸಿ ಹೆಣೆದುಕೊಳ್ಳುತ್ತಿದ್ದರು.

ಇದನ್ನು ಓದಿದಾಗ ನನಗೆ ಕಂಡದ್ದು ನಮ್ಮ ಹಿರಿಯರ ಜುಟ್ಟು. ಕೊಲಂಬಸ್ ಇವರನ್ನು ಇಂಡಿಯನ್ನರೆಂದು ತಪ್ಪು ತಿಳಿದದ್ದರಲ್ಲಿ ತಲೆಯ ಮಟ್ಟಿಗಾದರೂ ಅಷ್ಟೊಂದು ತಪ್ಪಿಲ್ಲವೇನೋ! ಮಗನ ಉಪನಯನದಲ್ಲಿ ಈ ಹೋಲಿಕೆ ನಮ್ಮ ಮನೆಯಲ್ಲೇ ಸಾಕ್ಷಾತ್ಕಾರವಾಯಿತು. ಪುರೋಹಿತರು ಶಾಸ್ತ್ರಕ್ಕೆ ಶಿಖೆ ಇರಲೇಬೇಕೆಂದರು. ನೆತ್ತಿಯ ಹಿಂದೆ ಒಂದು ಹಿಡಿ ಬಿಟ್ಟು ಉಳಿದುದನ್ನು ತೆಗೆಸಲಾಯಿತು. ಸೋಮವಾರ ಹೇಗೆ ಶಾಲೆಗೆ ಕಳುಹಿಸುವುದೆಂದು ನಾವು ಕಳವಳಪಡುತ್ತಿದ್ದರೆ, ಅವನ ಸಹಪಾಠಿಗಳು ಇದು ಫೋಹಾಕಿಗಿಂತಲೂ ಧೀರವಾದ ಹೊಸ ಶೈಲಿಯೆಂದು ಮೆಚ್ಚಿಕೊಂಡರಂತೆ.

ನಗುವ ವಿಷಯ ಇಲ್ಲಿಗೆ ಮುಗಿಯಿತು. ಇದೇ ದೇಶದಲ್ಲಿ, ಪೆನ್ಸಿಲ್ವೇನಿಯಾದ ಕಾರ್ಲೈಲ್ ಎಂಬಲ್ಲಿ, 1879ರಲ್ಲಿ ಮೂಲನಿವಾಸಿಗಳ ಮಕ್ಕಳಿಗಾಗಿ ಒಂದು ವಸತಿಶಾಲೆ ತೆರೆಯಿತು. ಮಕ್ಕಳನ್ನು ಮನೆಯಿಂದ ತಂದ ಕೂಡಲೇ ಅಲ್ಲಿ ನಡೆಯುತ್ತಿದ್ದ ಮೊದಲ ಸಂಸ್ಕಾರಗಳಲ್ಲಿ ಒಂದು ಅವರ ಉದ್ದಕೂದಲನ್ನು ಕತ್ತರಿಸುವುದು. ಅದೇ ಮಾದರಿಯ ಶಾಲೆಗಳು ದೇಶದುದ್ದಕ್ಕೂ ಹುಟ್ಟಿಕೊಂಡವು. ಡಕೋಟಾ ಜನಾಂಗದ ಲೇಖಕಿ ಝಿಟ್ಕಾಲಾ ಶಾ 1900ರಲ್ಲಿ ತನ್ನ ಶಾಲಾದಿನಗಳನ್ನು ಕುರಿತು ಬರೆದಿದ್ದಾಳೆ. ಎಂಟು ವರ್ಷದ ಆಕೆ ಇಂಡಿಯಾನಾದ ಶಾಲೆಯಲ್ಲಿ ಮಂಚದಡಿ ಅಡಗಿ ಕುಳಿತಿದ್ದಳು. ಹೊರಗೆಳೆದು, ಕುರ್ಚಿಗೆ ಕಟ್ಟಿ, ಜಡೆ ಕತ್ತರಿಸಿದರು. ಆಕೆಯ ಜನರಲ್ಲಿ ಕೂದಲು ಗಿಡ್ಡವಾಗಿರುವುದು ಸೂತಕದವರಿಗೆ, ಹೇಡಿಗಳಿಗೆ. ತಾಯಿಯಿಂದ ಅದನ್ನು ಕೇಳಿ ತಿಳಿದಿದ್ದ ಮಗು ಅದು. ಮುಂದೆ 1944ರಲ್ಲಿ ನಾರ್ಮಂಡಿಗೆ ಪ್ಯಾರಾಚೂಟಿನಿಂದ ಧುಮುಕುವ ಮುನ್ನ ಇದೇ ದೇಶದ ಕೆಲವು ಸೈನಿಕರು ಶೌರ್ಯದ ಗುರುತಾಗಿ ಮೊಹಾಕ್ ಕ್ಷೌರ ಮಾಡಿಸಿಕೊಂಡು ಮುಖಕ್ಕೆ ಬಣ್ಣ ಬಳಿದುಕೊಂಡರು. ಮಕ್ಕಳ ತಲೆಯಿಂದ ಕಿತ್ತುಕೊಂಡದ್ದನ್ನು ದೊಡ್ಡವರು ತಮ್ಮ ತಲೆಗೆ ಏರಿಸಿಕೊಂಡಂತಾಯಿತಲ್ಲವೇ?

ಹೇಡಿಗಳಿಗೆ, ಸೂತಕದವರಿಗೆ ಎಂಬ ಮಾತನ್ನು ಓದುತ್ತ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನಮ್ಮ ಹಿತ್ತಿಲು ಕಣ್ಣಮುಂದೆ ಬಂದಿತ್ತು.

ನನ್ನ ತಾತ 1930ರ ಆಸುಪಾಸಿನಲ್ಲಿ ಮೈಸೂರಿಗೆ ಓದಲು ಹೋದವರು ಜುಟ್ಟು ತೆಗೆಸಿ ಕ್ರಾಪು ಬಿಟ್ಟುಕೊಂಡು ಊರಿಗೆ ಮರಳಿದರಂತೆ. ಮನೆಯಲ್ಲಿ ದೊಡ್ಡ ರಾದ್ಧಾಂತ. ಮುತ್ತಾತ ಎರಡು ತಿಂಗಳು ಮಗನೊಡನೆ ಮಾತಾಡಲಿಲ್ಲ, ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಲಿಲ್ಲ. ಕೊನೆಗೆ ತಾತನೇ ಒಂದು ರಾಜಿಸೂತ್ರ ಕಂಡುಹಿಡಿದರು. ಕ್ರಾಪಿನ ನಡುವೆ ನೆತ್ತಿಯಲ್ಲಿ ಹತ್ತಾರು ಎಳೆ ಉದ್ದಕೂದಲು ಉಳಿಸಿಕೊಂಡು, ಊರಿನಲ್ಲಿ ಅದನ್ನು ಗಂಟುಹಾಕುವುದು, ಮೈಸೂರಿನಲ್ಲಿ ಕ್ರಾಪಿನೊಳಗೆ ಬಾಚಿ ಅಡಗಿಸುವುದು. ಆ ಕಾಲದ ಎಷ್ಟೋ ಗುಮಾಸ್ತರು, ಮೇಷ್ಟರುಗಳು ಹೀಗೇ ಪೇಟದೊಳಗೆ, ಟೋಪಿಯೊಳಗೆ ಎರಡು ಲೋಕಗಳನ್ನು ಒಟ್ಟಿಗೆ ಇಟ್ಟುಕೊಂಡು ಬಾಳಿದವರು. ಬೆಳಗ್ಗೆ ಎಬ್ಬಿಸಿ ಸಂಜೆ ಮಲಗಿಸುವ ನನ್ನ ಮಗನ ಫೋಹಾಕ್ ಕಂಡು ಇದು ಎಡಬಿಡಂಗಿತನ ಎಂದು ಹಾಸ್ಯ ಮಾಡಿದವರಿಗೆ ನಾನು ತಾತನ ಕ್ರಾಪಿನ ಕಥೆ ಹೇಳುತ್ತೇನೆ. ಹುಸಿ ಜುಟ್ಟು ನಮಗೆ ಹೊಸದಲ್ಲ. ಅವರು ಜುಟ್ಟನ್ನು ಅಡಗಿಸಿದರು, ಇವನು ಜುಟ್ಟನ್ನು ಎಬ್ಬಿಸಿದ, ಅಷ್ಟೇ ವ್ಯತ್ಯಾಸ.

ತಾತನಿಗೆ ಒಬ್ಬ ಅಕ್ಕ ಇದ್ದರು. ನಾವು ಮಕ್ಕಳೆಲ್ಲ ದೊಡ್ಡಜ್ಜಿ ಎಂದು ಕರೆಯುತ್ತಿದ್ದೆವು. ಹನ್ನೊಂದಕ್ಕೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ತಮ್ಮನ ಕ್ರಾಪಿಗೆ ಮನೆಯೇ ಅಲ್ಲೋಲಕಲ್ಲೋಲವಾದ ಆ ದಿನಗಳಲ್ಲೇ, ತಿಂಗಳಿಗೊಮ್ಮೆ ಹಿತ್ತಿಲ ಬಾಗಿಲಿಗೆ ಕ್ಷೌರಿಕ ಬರುತ್ತಿದ್ದ. ಅಕ್ಕ ಹೋಗಿ ತಲೆ ಬಗ್ಗಿಸಿ ಕೂರುತ್ತಿದ್ದರು. ಅದಕ್ಕೆ ರಾದ್ಧಾಂತ ನಡೆಯಲಿಲ್ಲ, ಯಾರೂ ಊಟ ಬಿಡಲಿಲ್ಲ. ನಾನು ಕಂಡಂತೆ ಅವರು ಸದಾ ಕೆಂಪು ಸೀರೆಯ ಸೆರಗನ್ನು ಹಣೆಯ ತನಕ ಎಳೆದುಕೊಂಡಿರುತ್ತಿದ್ದರು. 1978ರಲ್ಲಿ ಅವರು ತೀರಿಕೊಂಡಾಗ ನನಗೆ ಎಂಟು ವರ್ಷ. ಒಮ್ಮೆ ಅವರ ತೊಡೆಯ ಮೇಲೆ ಮಲಗಿದ್ದಾಗ ಸೆರಗಿನೊಳಗೆ ಕೈಹಾಕಿ ತಲೆ ಮುಟ್ಟಿ, "ಚುಚ್ಚತ್ತೆ" ಎಂದಿದ್ದೆನಂತೆ. ಅವರು ನಕ್ಕು, "ನನಗೂ" ಎಂದರಂತೆ. ಇದನ್ನು ನನ್ನ ತಾಯಿ ಬಹಳ ವರ್ಷಗಳ ಮೇಲೆ ಹೇಳಿದರು. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' 1976ರಲ್ಲಿ ಪ್ರಕಟವಾಗಿ, 1983ರಲ್ಲಿ ಪ್ರೇಮಾ ಕಾರಂತರ ನಿರ್ದೇಶನದಲ್ಲಿ ಚಲನಚಿತ್ರವೂ ಆಯಿತು. ಕಾಲೇಜಿನಲ್ಲಿ ಆ ಕಾದಂಬರಿಯ ಮೇಲೆ ಚರ್ಚೆ ನಡೆದಾಗ ಗೆಳತಿಯರೆಲ್ಲ ಉತ್ಸಾಹದಿಂದ ಮಾತಾಡಿದರು. ನನಗೆ ಬಾಯಿ ಬರಲಿಲ್ಲ.

ಆದ್ದರಿಂದ ಯಾರಾದರೂ ತಮ್ಮ ಕೂದಲನ್ನು ತಾವೇ ಇಷ್ಟಪಟ್ಟು ಹೇಗಾದರೂ ಕತ್ತರಿಸಿಕೊಂಡರೆ ನನಗೆ ಸಿಟ್ಟು ಬರುವುದಿಲ್ಲ. ಸೌಂದರ್ಯದ ದೃಷ್ಟಿಯಿಂದ ತಕರಾರಿರಬಹುದು. ಕೆಲವರ ಫೋಹಾಕ್ ನೋಡಿದರೆ ನಿದ್ದೆಯಿಂದ ಈಗಷ್ಟೇ ಎದ್ದು ಬಂದವರಂತಿರುತ್ತದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಕತ್ತರಿ ಯಾರ ಮಾತಿಗೆ ನಡೆಯಿತು ಎಂಬುದು. ನಮ್ಮ ಭಾಷೆಯಲ್ಲಿ ಒಬ್ಬರು ಇನ್ನೊಬ್ಬರ ಹಿಡಿತಕ್ಕೆ ಸಿಕ್ಕರೆ 'ಜುಟ್ಟು ಕೈಗೆ ಸಿಕ್ಕಿತು' ಎನ್ನುತ್ತೇವಲ್ಲ, ಆ ನುಡಿಗಟ್ಟು ಸುಮ್ಮನೆ ಹುಟ್ಟಿದ್ದಲ್ಲ. ಚಾಣಕ್ಯ ನಂದರನ್ನು ನಿರ್ಮೂಲ ಮಾಡುವ ತನಕ ಶಿಖೆ ಕಟ್ಟಲಾರೆನೆಂದದ್ದು, ದ್ರೌಪದಿ ಮುಡಿ ಕಟ್ಟಲಾರೆನೆಂದದ್ದು ಇವೆಲ್ಲ ಕಥೆಗಳೇ ಇರಬಹುದು. ಆದರೂ ಕೂದಲಿನಿಂದ ಅಧಿಕಾರಕ್ಕೆ ಎದುರಾಡಬಹುದೆಂಬ ತಿಳಿವು ಪಂಕ್ ತರುಣರಿಗಿಂತ ಬಹಳ ಮೊದಲೇ ನಮ್ಮವರಿಗೆ ಇತ್ತೆಂಬುದಕ್ಕೆ ಅವು ಸಾಕ್ಷಿ.

ಅರ್ಧ ಧೈರ್ಯದ ಈ ಶೈಲಿಗೆ ನಾನು ಇಷ್ಟು ವಕಾಲತ್ತು ವಹಿಸುತ್ತಿರುವುದಕ್ಕೆ ನಮ್ಮೂರಿನ ಗೆಳತಿಯೊಬ್ಬರೂ ಕಾರಣ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ನನ್ನದೇ ವಯಸ್ಸಿನವರು. ಮೊಳಕಾಲಿಗೆ ಸಮೀಪಿಸುವ ಜಡೆ. ಕನ್ನಡ ಕೂಟದ ಹೊಸ ಸದಸ್ಯರಿಗೆ ಅವರ ಗುರುತು ಹೇಳುವಾಗ 'ಉದ್ದಜಡೆಯವರು' ಎಂದರೆ ಸಾಕಾಗಿತ್ತು. ಅವರಿಗೆ ಸ್ತನದ ಕ್ಯಾನ್ಸರ್ ಆಯಿತು. ಔಷಧ ಆರಂಭವಾದ ಮೂರನೆಯ ವಾರಕ್ಕೆ ಕೂದಲು ಹಿಡಿಹಿಡಿಯಾಗಿ ಉದುರತೊಡಗಿತು. ಶಸ್ತ್ರಚಿಕಿತ್ಸೆಗೆ ಅಳದವರು ಅಂದು ಅತ್ತರು. ಮೈಸೂರಿನಲ್ಲಿದ್ದ ಅತ್ತೆಯವರಿಗೆ ವಿಡಿಯೋ ಕರೆ ಮಾಡುವುದನ್ನೇ ನಿಲ್ಲಿಸಿಬಿಟ್ಟರು. "ಗಂಡ ಎದುರಿಗೇ ಕೂತಿದಾರೆ, ನಾನು ಹೀಗೆ ತಲೆ ಬೋಳಿಸ್ಕೊಂಡು ಅವರಿಗೆ ಹೇಗ್ರೀ ಮುಖ ತೋರಿಸ್ಲಿ?" ಎಂದು ನನ್ನಲ್ಲಿ ಕೇಳಿದರು. ಅಮೆರಿಕದ ದಾದಿಯರಿಗೆ ಈ ಮಾತು ಅರ್ಥವಾಗುವುದಿಲ್ಲ. ಅವರು ಒಳ್ಳೆಯ ಮನಸ್ಸಿನಿಂದಲೇ, ಬೋಳುತಲೆಯಲ್ಲೂ ನೀವು ಸುಂದರಿ ಎನ್ನುತ್ತಾರೆ. ನಮಗೆ ಆ ತಲೆ ಹೇಳುವ ಅರ್ಥ ಬೇರೆ. ಸತ್ತು ಹೋದ ಆಚಾರವೂ ಕನ್ನಡಿಯಲ್ಲಿ ಹೀಗೆ ಎದ್ದು ಕೂರುತ್ತದೆ.

ಟೋಪನ್ ಧರಿಸಿ ಏಳೆಂಟು ತಿಂಗಳು ಕಳೆದರು. ಚಿಕಿತ್ಸೆ ಮುಗಿದ ಮೇಲೆ ಕೂದಲು ಮರಳಿ ಬಂತು, ಆದರೆ ಬೂದುಬಣ್ಣದ್ದು, ಗುಂಗುರು, ಎಲ್ಲೆಂದರಲ್ಲಿ ನಿಲ್ಲುವಂಥದ್ದು. ಎರಡು ಅಂಗುಲ ಬೆಳೆದಾಗ ಅವರ ಮಗಳು ಕ್ಷೌರದಂಗಡಿಗೆ ಕರೆದೊಯ್ದಳು. ಪಕ್ಕದ ಕೂದಲನ್ನು ಸರಿಮಾಡಿ, ನಡುವಿನದನ್ನು ಜೆಲ್ ಹಚ್ಚಿ ಎಬ್ಬಿಸಿದರು. ಕ್ಯಾನ್ಸರಿನಿಂದ ಎದ್ದು ಬಂದವರಿಗೆ ಅಲ್ಲಿ ಈ ಶೈಲಿಯನ್ನು ಆಗಾಗ ಸೂಚಿಸುತ್ತಾರಂತೆ. ಗಿಡ್ಡಕೂದಲು ಕಳೆದುಕೊಂಡದ್ದರಂತೆ ಕಾಣದೆ ಬೇಕೆಂದೇ ಇಟ್ಟುಕೊಂಡದ್ದರಂತೆ ಕಾಣುತ್ತದೆ. ಪೂರ್ತಿ ಮೊಹಾಕ್ ಮಾಡಿಸಿಕೊಳ್ಳಲು ನಮ್ಮ ಗೆಳತಿಗೆ ಈ ಜನ್ಮದಲ್ಲಿ ಸಾಧ್ಯವಿರಲಿಲ್ಲ. ಹುಸಿ ಮೊಹಾಕ್ ಸಾಧ್ಯವಾಯಿತು, ಬೇಡವೆನಿಸಿದರೆ ನೀರು ಹಚ್ಚಿ ಮಲಗಿಸಬಹುದಲ್ಲ ಎಂಬ ಒಂದೇ ಧೈರ್ಯದಿಂದ.

ಆ ವರ್ಷ ಶ್ರಾವಣದ ವರಮಹಾಲಕ್ಷ್ಮಿ ಹಬ್ಬಕ್ಕೆ ನಮ್ಮ ಮನೆಗೆ ಬಂದರು. ಹಸಿರು ಮೊಳಕಾಲ್ಮೂರು ಸೀರೆ, ಮೂಗುತಿ, ಅದರ ಮೇಲೆ ಎದ್ದುನಿಂತ ಬೂದು ಜುಟ್ಟು. ಒಂದು ಕ್ಷಣ ಹಜಾರದಲ್ಲಿ ಮಾತು ನಿಂತಿತು. ನಂತರ ಎಲ್ಲರೂ ಒಟ್ಟಿಗೆ, ಅಗತ್ಯಕ್ಕಿಂತ ತುಸು ಗಟ್ಟಿಯಾಗಿಯೇ, ಸೀರೆ ಚೆನ್ನಾಗಿದೆ ಎಂದರು. ಅರಿಶಿನ ಕುಂಕುಮ ಕೊಟ್ಟಾಯಿತು. ಹೂವಿನ ಸರದಿ ಬಂದಾಗ ನಾನು ತಟ್ಟೆ ಹಿಡಿದು ತಡೆದೆ. ಮಾಲೆಯನ್ನು ಕೈಗೆ ಕೊಟ್ಟುಬಿಡುವುದೋ, ಕೊಡದೆ ಮುಂದೆ ಹೋಗುವುದೋ? ಮಗಳ ಬಾಣಂತನಕ್ಕೆಂದು ಹಾಸನದಿಂದ ಬಂದಿದ್ದ, ಎಂಬತ್ತು ದಾಟಿದ ಒಬ್ಬ ಹಿರಿಯರು ಪಕ್ಕದಲ್ಲಿ ಕುಳಿತಿದ್ದರು. ಅವರು ಎದ್ದು, ನನ್ನ ತಟ್ಟೆಯಿಂದ ಗೇಣುದ್ದ ಮಲ್ಲಿಗೆ ಮುರಿದುಕೊಂಡು, ಗೆಳತಿಯ ಜುಟ್ಟನ್ನು ಬೆರಳಿನಿಂದ ಒಮ್ಮೆ ಒತ್ತಿ ನೋಡಿದರು.

"ಇದೇನೇ ತಾಯಿ, ಗಂಜಿ ಹಾಕಿದ ಹಾಗಿದೆ?"

"ಜೆಲ್ಲು, ಅಮ್ಮಾ."

"ಒಳ್ಳೇದೇ ಆಯ್ತು ಬಿಡು, ಪಿನ್ನು ಜಾರಲ್ಲ" ಎಂದು, ಬಾಯಿಯಲ್ಲಿ ಕಚ್ಚಿಕೊಂಡಿದ್ದ ಎರಡು ಪಿನ್ನುಗಳನ್ನು ಅಡ್ಡಡ್ಡಲಾಗಿ ಸಿಕ್ಕಿಸಿ ಹೂ ಮುಡಿಸಿದರು. ಮಂಗಳಾರತಿ, ಕೋಸಂಬರಿ, ಒಬ್ಬಟ್ಟು ಎಲ್ಲ ಮುಗಿದು ಅವರು ಕಾರು ಹತ್ತುವ ತನಕ ಅದು ಅಲ್ಲಾಡಲಿಲ್ಲ.